ಅಮ್ಮ ಬಾಗಿಲಾಚೆ ಕೂತ ದಿನ

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ದಿನವಿಡೀ ಕೂಗಿ ಹೇಳುವುದೇ ಅಮ್ಮನ ಉದ್ಯೋಗ. ಅಂಥವಳಿಗೆ ಬಾಯಿ ಮುಚ್ಚಿಕೊಂಡು ಕೂರು ಎಂದರೆ ಹೇಗಾಗಬೇಡ? ಅದೂ ಸ್ವಂತ ಮಗಳ ವಿಷಯದಲ್ಲಿ!

"ಇವತ್ತು ನೀವು ಹೊರಗಿರಿ ಅಮ್ಮಾ. ಮೊದಲು ಅವಳೊಬ್ಬಳೇ ಡಾಕ್ಟರ ಹತ್ರ ಮಾತಾಡ್ಲಿ," ಎಂದಳು ಮಕ್ಕಳ ಕೀಲುನೋವಿನ ವಿಭಾಗದ ಸಿಸ್ಟರ್.

"ಅವಳೊಬ್ಬಳೇನಾ? ಅವಳಿಗೇನು ಗೊತ್ತಾಗುತ್ತೆ ಸಿಸ್ಟರ್? ಆರು ವರ್ಷದ ಕೂಸಾಗಿದ್ದಾಗಿಂದ ಎಲ್ಲಾ ಹೇಳಿರೋದು ನಾನು."

"ಅದಕ್ಕೇ ಮತ್ತೆ. ಬರೋ ವರ್ಷ ಹದಿನೆಂಟು ತುಂಬುತ್ತೆ, ದೊಡ್ಡವರ ಆಸ್ಪತ್ರೆಗೆ ಹೋಗ್ತಾಳೆ. ಅಲ್ಲಿ ಕೇಳೋದು ಅವಳನ್ನ, ನಿಮ್ಮನ್ನಲ್ಲ. ಈಗಿಂದ್ಲೇ ರೂಢಿ ಆಗ್ಲಿ."

ಮಗಳು ತಿರುಗಿಯೂ ನೋಡದೆ ಒಳಗೆ ಹೋದಳು. ಚಿಕ್ಕಂದಿನಲ್ಲಿ ಕುಪ್ಪಳಿಸುತ್ತಲೇ ಇದ್ದವಳೆಂದು ಅವಳಪ್ಪ ಮಿಡತೆ ಎಂದು ಕರೆದಿದ್ದ. ಕಾಯಿಲೆ ಬಂದು ಕುಪ್ಪಳಿಸುವುದು ನಿಂತ ಮೇಲೂ ಹೆಸರು ಹಾಗೇ ಉಳಿದಿತ್ತು.

ಹೊರಗಿದ್ದದ್ದು ಪುಟಾಣಿ ಮಕ್ಕಳ ಕುರ್ಚಿ. ಮಂಡಿ ಗದ್ದಕ್ಕೆ ಬಡಿಯುವಂತೆ ಅದರಲ್ಲಿ ಮುದುಡಿ ಕೂತ ಅಮ್ಮ ಒಳಗೊಳಗೇ ಗೊಣಗಿದಳು. ಅವಳೇನು ಹೇಳುತ್ತಾಳೆ, ಮಣ್ಣು! ನನಗೆ ಗೊತ್ತಿಲ್ಲದ್ದು ಏನಿದೆ? ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಮಗಳ ಚಪ್ಪಲಿಯ ಸದ್ದು ಕೇಳಿದರೆ ಸಾಕು. ಸರ್ರ್ ಎಂದು ನೆಲ ಸವರಿದರೆ ಕೀಲು ಹಿಡಿದಿದೆ. ಟಪಟಪ ಎಂದರೆ ಆರಾಮಾಗಿದ್ದಾಳೆ. ಬೇಸಿಗೆಯಿಂದ ಟಪಟಪವೇ. ಕಳೆದ ಸಲ ಅದನ್ನೇ ಹೇಳಿ ಔಷಧಿ ಕಡಿಮೆ ಮಾಡಿಸಿದ್ದಳು. ವಾರವಾರದ ಆ ಹಾಳು ಇಂಜೆಕ್ಷನ್ ಇವತ್ತಿಗೆ ನಿಂತೇ ಹೋಗುತ್ತದೆಂದು ಆಸೆಯಿಂದ ಬಂದಿದ್ದಳು. ಮಿಡತೆ ಒಳಗೆ ತಡಬಡಿಸಿ ಏನಾದರೂ ಒದರಿ ಅದನ್ನು ಕೆಡಿಸದಿದ್ದರೆ ಸಾಕಿತ್ತು.

ಬಾಗಿಲು ತೆರೆಯಿತು. ಸಿಸ್ಟರ್ ಕರೆದಳು.

ಮಿಡತೆ ಮಂಚದಂಚಿಗೆ ಕೂತಿದ್ದಳು. "ಅಮ್ಮನಿಗೆ ನೀನೇ ಹೇಳ್ತೀನಿ ಅಂದೆಯಲ್ಲ? ಹೇಳು," ಎಂದರು ಡಾಕ್ಟರು.

"ಅಮ್ಮ, ಬೈಬೇಡ."

"ಬೈಯೋ ಅಂಥದ್ದೇನು ಮಾಡಿದ್ದೀಯೆ?"

"ದಿನಾ ನಿನಗಿಂತ ಮುಂಚೆ ಎಚ್ಚರ ಆಗುತ್ತೆ ನಂಗೆ. ಹೊದಿಕೆಯೊಳಗೇ ಕಾಲು ಮಡಚಿ, ಚಾಚಿ, ಸ್ವಲ್ಪ ಸಡಿಲ ಆದ್ಮೇಲೆ ಕೆಳಗಿಳೀತೀನಿ. ಆಮೇಲೆ ಬೇಕಂತಲೇ ಕಾಲೆತ್ತೆತ್ತಿ ಹಾಕ್ತೀನಿ. ನೀನು ಕಿವಿಗೊಟ್ಟು ನಿಂತಿರ್ತೀಯ ಅಂತ ಗೊತ್ತು."

ಅಮ್ಮ ಚಾಪೆ ಕೆಳಗೆ ತೂರಿದರೆ ಮಗಳು ರಂಗೋಲಿ ಕೆಳಗೇ ತೂರಿದ್ದಳು.

"ಅಯ್ಯೋ ನಿನ್ನ! ಚೆನ್ನಾಗಿದ್ದಾಳೆ ಅಂತ ಹೇಳಿ ಔಷಧಿ ಕಡಿಮೆ ಮಾಡಿಸಿದ್ನಲ್ಲೇ ನಾನು! ಯಾಕೆ ಹಿಂಗೆ ಮಾಡ್ದೆ?"

"ಬೇಸಿಗೆಗೆ ಮುಂಚೆ ಒಂದ್ಸಲ ನೋವು ಅಂದಾಗ ನೀನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ನಂಗೆ ಕೇಳಿಸ್ತು. ಸರಿಯಾಗಿ ಊಟಾನೂ ಮಾಡ್ಲಿಲ್ಲ ನೀನು. ಮಂಡಿನೋವಾದ್ರೂ ತಡ್ಕೋಬಹುದು, ಅದನ್ನ ತಡಿಯೋಕಾಗಲ್ಲಮ್ಮ."

ಅಮ್ಮನಿಗೆ ಮಗಳನ್ನು ಎಳೆದು ತಬ್ಬಿಕೊಳ್ಳಬೇಕೆನಿಸಿತು, ಎರಡೇಟು ಕೊಡಬೇಕೆಂದೂ ಅನ್ನಿಸಿತು.

"ಮಂಡಿ ಊದಿದೆ. ಔಷಧಿ ಮತ್ತೆ ಹೆಚ್ಚಿಸೋಣ," ಎಂದರು ಡಾಕ್ಟರು. "ಹೆದರಬೇಡಿ, ಸರಿಯಾದ ಹೊತ್ತಿಗೇ ಬಾಯಿಬಿಟ್ಟಿದ್ದಾಳೆ. ನಿಮ್ಮದೇನಾದ್ರೂ ಕೇಳೋದಿದೆಯಾ?"

ಇಂಜೆಕ್ಷನ್ ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅದನ್ನು ಅಲ್ಲಿಗೇ ಬಿಟ್ಟಳು. ಡಾಕ್ಟರ ಕಡೆ ನೋಡದೆ ಮಗಳ ಪಕ್ಕ ಮಂಚದ ಮೇಲೆ ಕೂತಳು.

"ಈಗ ಎಲ್ಲೆಲ್ಲಿ ನೋಯ್ತಿದೆ?"

ಇಷ್ಟು ವರ್ಷ ಆಕೆ ಡಾಕ್ಟರ ಮುಂದೆ ಹೇಳಿದ್ದೇ ಬಂತು. ಮಗಳನ್ನು ಹೀಗೆ ಕೇಳಿದ್ದೇ ಇಲ್ಲ.

ಮಿಡತೆ ಅಮ್ಮನ ಮುಖವನ್ನು ಅನುಮಾನದಿಂದ ನೋಡಿದಳು. "ಬಲಗಡೆ ಮಂಡಿ," ಎಂದಳು. "ಎಡಗೈ ಮಣಿಕಟ್ಟು. ಬಾಟಲಿ ಮುಚ್ಚಳ ತೆಗೆಯೋಕಾಗಲ್ಲ, ಗೆಳತಿ ತೆಗೆದುಕೊಡ್ತಾಳೆ. ಆಕಳಿಸಿದ್ರೆ ದವಡೆ..."

ಅಷ್ಟರಲ್ಲಿ ಅಮ್ಮನ ಕಣ್ಣಿಂದ ನೀರು ದಳದಳ ಇಳಿಯತೊಡಗಿತ್ತು. ಮಗಳು ಥಟ್ಟನೆ ಬಾಯಿ ಮುಚ್ಚಿದಳು.

"ನೋಡು, ಇದಕ್ಕೇ ನಾನು—"

"ಅಳು ಬಂದ್ರೆ ಅಳ್ತೀನಿ ಕಣೇ, ಸತ್ತೇನೂ ಹೋಗಲ್ಲ," ಎಂದು ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ನೀನು ನಿಲ್ಲಿಸ್ಬೇಡ. ದವಡೆ ಅಂದ್ಯಲ್ಲ, ಆಮೇಲೆ?"