ಕೋಣನ ಬದಲಿಗೆ

ಹಗುರ ಬೇಸ್ ಗಿಟಾರು ತೊಡೆಯ ಮೇಲೆ ಕೂತ ರೀತಿಗೇ ಅಕ್ಕನ ಮನಸ್ಸು ಅರ್ಧ ಸೋತಿತ್ತು. ಪಟ್ಟಿಯನ್ನು ಹೆಗಲಿಗೇರಿಸಿ ಎದ್ದು ನಿಂತಳು. ಎರಡು ವರ್ಷದಿಂದ ಸೊಂಟದ ಎಡಗಡೆ ಬಿಡಾರ ಹೂಡಿದ್ದ ನೋವು ಈಗ ಎದ್ದೀತು, ಇನ್ನೇನು ಎದ್ದೀತು ಎಂದು ಕಾದಳು. ಅದು ಮಿಸುಕಾಡಲಿಲ್ಲ.

"ಹೇಗಿದೆ?" ಎಂದರು ಅಂಗಡಿಯವರು. ಯಾವ ರಿಪೇರಿಗೂ "ಎರಡೇ ನಿಮಿಷ" ಎಂದು ಹೇಳಿ ಎರಡು ವಾರ ಕಾಯಿಸುವ ಅವರಿಗೆ ಊರಿನ ವಾದ್ಯದವರೆಲ್ಲ ಸೇರಿ ಇಟ್ಟ ಹೆಸರೇ 'ಎರಡು ನಿಮಿಷ'.

"ಹೂವು ಎತ್ತಿದ ಹಾಗಿದೆ."

"ಮತ್ತಿನ್ನೇನು ಯೋಚನೆ? ಅದನ್ನ ಇಲ್ಲಿ ಬಿಡಿ, ಇದನ್ನ ತಗೊಂಡು ಹೋಗಿ. ಮೇಲೆ ಕೆಳಗೆ ಏನೂ ಕೊಡೋದು ಬೇಡ. ಅದಕ್ಕಿದು, ಇದಕ್ಕದು."

'ಅದು' ಬೆಂಚಿನ ಮೇಲೆ ಅಂಗಾತ ಮಲಗಿತ್ತು. ಇಪ್ಪತ್ತೆರಡು ವರ್ಷದಿಂದ ಅಕ್ಕ ನುಡಿಸುತ್ತಿದ್ದ ಬೇಸ್ ಗಿಟಾರ್. ಹೆಬ್ಬೆರಳು ಊರುವ ಜಾಗದಲ್ಲಿ ಬಣ್ಣ ಹೋಗಿ ಮರ ಇಣುಕುತ್ತಿತ್ತು. ತೂಕಕ್ಕೂ ದನಿಗೂ ಸೇರಿ ಬ್ಯಾಂಡಿನವರು ಅದಕ್ಕೆ ಕೋಣ ಎಂದು ಹೆಸರಿಟ್ಟಿದ್ದರು. ದಪ್ಪ ತಂತಿಯನ್ನು ಮೀಟಿದರೆ ಹೋಟೆಲಿನ ಮೇಜುಗಳ ಮೇಲೆ ಗಾಜಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. "ಕೋಣನ ಮುಂದೆ ಕಿನ್ನರಿ ಬಾರಿಸೋರನ್ನ ಕೇಳಿದ್ದೆ, ಕೋಣನನ್ನೇ ಬಾರಿಸೋರನ್ನ ನೋಡಿದ್ದು ಇಲ್ಲೇ" ಎಂದು ಡ್ರಮ್ಮಿನವನು ಪ್ರತಿ ಹೊಸ ಪರಿಚಯಕ್ಕೂ ಹೇಳಿ ತಾನೇ ಮೊದಲು ನಗುತ್ತಿದ್ದ.

ಬದಲಾಯಿಸುವ ಮಾತು ತೆಗೆದವಳು ತಂಗಿ. ಬ್ಯಾಂಡು ತಂಗಿಯದೇ; ಹಾಡುವವಳು ಅವಳು, ಕಾರ್ಯಕ್ರಮ ಒಪ್ಪುವವಳು ಅವಳು, ಜಗಳ ಬಿಡಿಸುವವಳೂ ಅವಳೇ. ಅಕ್ಕ ಹಗಲೆಲ್ಲ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೂತು ಗುಲಾಬಿ ಮೇಣದಲ್ಲಿ ಹಲ್ಲುಗಳನ್ನು ಸಾಲಾಗಿ ಕೂರಿಸುತ್ತಿದ್ದಳು. ಸಂಜೆಯಾದರೆ ಕೈತೊಳೆದು ತಂಗಿಯ ಹಿಂದೆ, ಎರಡು ಹೆಜ್ಜೆ ಎಡಕ್ಕೆ ನಿಲ್ಲುತ್ತಿದ್ದಳು. ಹೋದ ತಿಂಗಳು ಕಾರ್ಯಕ್ರಮ ಮುಗಿದ ಮೇಲೆ ಅಕ್ಕನಿಗೆ ಬೆನ್ನು ನೆಟ್ಟಗೆ ಮಾಡಲು ಆಗಲೇ ಇಲ್ಲ. ತಂಗಿ ಮನೆಗೆ ಕರೆತಂದು, ಮಂಚದ ಮೇಲೆ ಬೋರಲು ಮಲಗಿಸಿ, ಬಿಸಿನೀರಿನ ಚೀಲ ಇಟ್ಟು, "ಆ ಕೋಣನನ್ನ ಇನ್ನೆಷ್ಟು ದಿನ ಹೊರ್ತೀಯಕ್ಕ? ಹಗುರದ್ದೊಂದು ನೋಡಿದೀನಿ. ಬದಲಾಯಿಸ್ಕೊಂಡುಬಿಡು" ಎಂದಿದ್ದಳು. ತನ್ನ ನೋವನ್ನು ಇನ್ನೊಬ್ಬರು ಲಕ್ಷ್ಯಕ್ಕೆ ತಗೊಂಡರಲ್ಲ ಎಂದು ಅಕ್ಕನ ಕಣ್ಣು ದಿಂಬಿನಲ್ಲೇ ತುಂಬಿ ಬಂದಿತ್ತು.

"ಸರಿ, ಇದನ್ನೇ ತಗೋತೀನಿ" ಎಂದು ಈಗ ಅಕ್ಕ ಹೇಳಿಯೂಬಿಟ್ಟಳು. ಹಗುರ ಗಿಟಾರನ್ನು ಅದರ ಚೀಲಕ್ಕೆ ಇಳಿಸಿ, ತಂತಿ ಒರೆಸುವ ಬಟ್ಟೆ ಇದೆಯೇನೋ ಎಂದು ಮುಂದಿನ ಜೇಬಿಗೆ ಕೈಹಾಕಿದಳು. ಸಿಕ್ಕಿದ್ದು ನಾಲ್ಕು ಮಡಿಕೆಯ ಒಂದು ಕಾಗದ.

ತಂಗಿಯ ದುಂಡು ಅಕ್ಷರ. ಹದಿನಾಲ್ಕು ಹಾಡುಗಳ ಪಟ್ಟಿ, ಒಂದೊಂದರ ಪಕ್ಕ ಯಾವ ಶ್ರುತಿ ಎಂಬ ಗುರುತು. ತುದಿಯಲ್ಲಿ, 'ಮುಂದಿನ ತಿಂಗಳಿಂದ ನೀವೇ ನುಡಿಸಬೇಕು.' ಕೆಳಗೆ, ಎರಡು ಗೆರೆ ಎಳೆದು: 'ಹಳೇ ಬೇಸ್ ಅಷ್ಟರೊಳಗೆ ನಿಮ್ಮ ಕೈಗೆ ಬರುತ್ತೆ. ನಮಗೆ ಅದರ ದನಿ ಬೇಕೇ ಬೇಕು. ಅಕ್ಕನಿಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡಬೇಡಿ.'

ಅಕ್ಕ ಎರಡು ಸಲ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

"ಈ ಗಿಟಾರು ಯಾರದು?"

'ಎರಡು ನಿಮಿಷ' ಕಾಗದವನ್ನು ನೋಡಿದರು, ಗೋಡೆಗೆ ನೇತುಹಾಕಿದ್ದ ಪಿಟೀಲುಗಳನ್ನು ನೋಡಿದರು. "ನಿಮ್ಮ ಅಕ್ಕತಂಗಿಯರ ಮಧ್ಯೆ ನಾನ್ಯಾಕಮ್ಮ... ಹೊಸಬನೊಬ್ಬ ಬರ್ತಿದಾನಂತೆ. ಅವನದ್ದು. ನೇರವಾಗಿ ಬದಲಾಯಿಸಿದ್ರೆ ನಿಮಗೆ ಗೊತ್ತಾಗುತ್ತೆ, ಅಂಗಡಿ ಮುಖಾಂತರ ಆಗ್ಲಿ ಅಂದ್ರು ನಿಮ್ಮ ತಂಗಿ. ನಾನೂ ಹ್ಞೂಂ ಅಂದೆ. ತಪ್ಪಾಯ್ತು."

ಅಕ್ಕ ಕಾಗದ ಮಡಚಿ ರವಿಕೆಯೊಳಗೆ ಸೇರಿಸಿಕೊಂಡಳು. ಕೋಣನನ್ನು ಹೆಗಲಿಗೇರಿಸಿ ಹೊರಟಳು. ಬಸ್ಸು ಹತ್ತಬಹುದಿತ್ತು, ನಡೆದೇ ಹೋದಳು. ಔಷಧಿ ಅಂಗಡಿ ದಾಟುವ ಹೊತ್ತಿಗೆ ನೋವು ಎದ್ದು ಜೊತೆಗೂಡಿತು. ಭುಜ ಬದಲಿಸುತ್ತ, ಮೂರು ಮಹಡಿ ಮೆಟ್ಟಿಲು ಹತ್ತಿ, ಬಾಗಿಲು ತೆಗೆದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕುಸಿದಳು.

ಹಿಂದೆಯೇ ತಂಗಿ ಬಂದಳು. ಅಂಗಡಿಯಿಂದ ಫೋನು ಹೋಗಿತ್ತೆಂದು ಮುಖವೇ ಹೇಳುತ್ತಿತ್ತು.

"ಅಕ್ಕ, ನಾನೇ ಹೇಳ್ಬೇಕು ಅಂತಿದ್ದೆ."

"ಯಾವಾಗ? ಹೊಸಬ ನನ್ನ ಜಾಗದಲ್ಲಿ ನಿಂತ ಮೇಲಾ?"

ತಂಗಿ ಒಂದೇ ಉಸಿರಿಗೆ ಹೇಳಿದಳು: "ನಿನ್ನ ಕೈ ಹಿಂದೆ ಬೀಳ್ತಿದೆ ಅಕ್ಕ. ಆರು ತಿಂಗಳಾಯ್ತು. ಡ್ರಮ್ಮಿನವನು ನಿನಗೋಸ್ಕರ ನಿಧಾನ ಮಾಡ್ತಾನೆ, ನಾನು ಸಾಲು ಎಳೆದು ಹಾಡ್ತೀನಿ. ಎಲ್ಲರಿಗೂ ಗೊತ್ತು."

"ಎಲ್ಲರಿಗೂ?"

"...ಎಲ್ಲರಿಗೂ."

ಅಕ್ಕನಿಗೆ ಆರು ತಿಂಗಳ ಸಂಜೆಗಳೆಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಡ್ರಮ್ಮಿನವನ ಜೋಕು, ಕೀಬೋರ್ಡಿನವಳ "ಇವತ್ತು ಚೆನ್ನಾಗಿ ಬಂತು", ವ್ಯಾನಿನಲ್ಲಿ ತನಗೆಂದೇ ಬಿಡುತ್ತಿದ್ದ ಕಿಟಕಿ ಪಕ್ಕದ ಸೀಟು. ರೋಗಿಯನ್ನು ನೋಡಲು ಬಂದವರ ಹಾಗೆ ಎಲ್ಲರೂ ದಿನವೂ ಮುಖ ಹೊಂದಿಸಿಕೊಂಡು ಬರುತ್ತಿದ್ದರು. ತನಗೊಬ್ಬಳಿಗೇ ಕಾಯಿಲೆಯ ಹೆಸರು ಗೊತ್ತಿರಲಿಲ್ಲ.

"ತಾಳ ಹಾಕು" ಎಂದಳು.

"ಬೇಡ ಅಕ್ಕ."

"ಹಾಕು ಅಂದೆ."

ತಂಗಿ ಮೊಬೈಲಿನಲ್ಲಿ ತಾಳ ಹಚ್ಚಿ ಮೇಜಿನ ಮೇಲಿಟ್ಟಳು. ಟಕ್, ಟಕ್, ಟಕ್, ಟಕ್. ಅಕ್ಕ ಕೋಣನನ್ನು ತೊಡೆಗೆಳೆದುಕೊಂಡು ನುಡಿಸತೊಡಗಿದಳು. ಕಣ್ಣುಮುಚ್ಚಿದರೂ ಬರುವ ಹಾಡು. ಮೊದಲ ಸಾಲು ತಾಳದ ಮೇಲೆ ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯ ಸಾಲಿನಲ್ಲಿ ಉಂಗುರದ ಬೆರಳು ತಂತಿಯನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಟಕ್ ಎಂಬುದು ಆಗಿಹೋಗಿತ್ತು. ಹಿಡಿಯಲು ಓಡಿದಳು, ಅದು ಇನ್ನೊಂದು ಹೆಜ್ಜೆ ಮುಂದೆ. ವೇದಿಕೆಯ ಮೇಲೆ ಇದು ಒಂದು ದಿನವೂ ಕೇಳಿಸಿರಲಿಲ್ಲ. ಎಲ್ಲರೂ ಸೇರಿ ಕೇಳಿಸದ ಹಾಗೆ ಮಾಡಿದ್ದರು.

ಅಕ್ಕ ಕೈ ಎತ್ತಿದಳು. ತಾಳ ತನ್ನಷ್ಟಕ್ಕೆ ತಾನು ಬಡಿಯುತ್ತಿತ್ತು. ತಂಗಿ ಆರಿಸಿದಳು.

"ಆವತ್ತು ಬಿಸಿನೀರಿನ ಚೀಲ ಇಟ್ಟೆಯಲ್ಲ, ಅದೂ ಇದಕ್ಕೇನಾ?"

"ನೋವಿಗೆ ಇಟ್ಟಿದ್ದು!" ತಂಗಿಯ ದನಿ ಒಡೆಯಿತು. "ನೋವಿಗೇ ಇಟ್ಟಿದ್ದು ಅಕ್ಕ. ನಿನ್ನಾಣೆ." ಆಮೇಲೆ, "ಹೊಸಬನ ಮಾತು ಮಾತ್ರ ಆಗಲೇ ಮನಸ್ಸಲ್ಲಿತ್ತು" ಎಂದಳು.

ಅದು ನಿಜವೆಂದು ಅಕ್ಕನಿಗೆ ಗೊತ್ತಾಯಿತು. ಪೂರಾ ಸುಳ್ಳಾಗಿದ್ದರೆ ಸಲೀಸಾಗಿತ್ತು, ಬೈದು ಕಳಿಸಬಹುದಿತ್ತು.

"ಬಾಯಿಬಿಟ್ಟು ಕೇಳಿದ್ರೆ ಕೊಟ್ಟುಬಿಡ್ತಿದ್ದೆ ಕಣೇ" ಎಂದಳು. "ಬದಲಿಗೆ ಏನೂ ಬೇಡ ಅಂತ ಹಾಗೇ ಕೊಟ್ಟುಬಿಡ್ತಿದ್ದೆ."

"ಈಗ?"

"ಈಗ ಕೊಡಲ್ಲ."

ತಂಗಿ ಮೊಬೈಲು ತೆಗೆದುಕೊಂಡಳು. ಹೊರಗೆ ನಡೆದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಮೆಟ್ಟಿಲಿಳಿಯುವ ಸದ್ದಿಗೆ ಅಕ್ಕ ಕಾದಳು. ಬರಲಿಲ್ಲ. ಬಾಗಿಲಿನ ಅಡಿಯ ಸಂದಿಯಲ್ಲಿ ಮೊಗಸಾಲೆಯ ಬೆಳಕಿನ ಗೆರೆ ಬಿದ್ದಿತ್ತು, ಅದರ ನಡುವೆ ಎರಡು ಪಾದಗಳ ನೆರಳು. ಅಕ್ಕ ಏಳಲಿಲ್ಲ. ದಪ್ಪ ತಂತಿಯನ್ನು ಒಂದು ಸಲ ಮೀಟಿ, ಅದು ತಾನಾಗಿ ಆರುವ ತನಕ ಬಿಟ್ಟಳು. ನೆರಳು ಕದಲಲಿಲ್ಲ. ಅಕ್ಕ ಮತ್ತೊಮ್ಮೆ ಮೀಟಿದಳು.