ಒಡಿಯೆಲ್‌ನ ಹಕ್ಕಿಗೆ ಹಾಕಿದ ಗೀಟುಗಳು

ನಮ್ಮ ಸಂಘದಲ್ಲಿ ಯಾರೂ ತಮ್ಮ ಹಕ್ಕಿಗೆ ತಾವೇ ಗೀಟು ಹಾಕುವಂತಿಲ್ಲ. ಬೀದಿಯ ಬದಿಗೆ ಎರಡೆರಡು ಮೀಟರಿಗೊಂದರಂತೆ ಮರದ ಪೆಟ್ಟಿಗೆಗಳನ್ನು ಇಡುತ್ತೇವೆ. ಆಮೇಲೆ ಎಲ್ಲರೂ ಎಡಕ್ಕೆ ಒಂದು ಜಾಗ ಸರಿದು, ಪಕ್ಕದವರ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಳ್ಳುತ್ತೇವೆ. ಒಳಗಿನ ಫಿಂಚ್ ಹಕ್ಕಿ ಕಾಣುವುದಿಲ್ಲ. ಕೇಳಬೇಕು, ಅಷ್ಟೇ. ಅದು ತನ್ನ ಹಾಡನ್ನು ‘ಸುಸ್ಕವೀಟ್’ ಎಂದು ಸರಿಯಾಗಿ ಮುಗಿಸಿದಾಗಲೆಲ್ಲ ಮಡಿಲಿನ ಉದ್ದನೆಯ ಕಪ್ಪು ಕೋಲಿನ ಮೇಲೆ ಸೀಮೆಸುಣ್ಣದ ಒಂದು ಗೀಟು. ಹೀಗೆ ಒಂದು ಗಂಟೆ. ಯಾರೂ ಮಾತಾಡುವುದಿಲ್ಲ.

ಆ ಮೌನ ನನಗೆ ಬೇಕಾಗಿತ್ತು. ಮೂವತ್ತೆಂಟು ವರ್ಷ ಜಮಖಾನೆ ಗಿರಣಿಯ ಮಗ್ಗಗಳ ನಡುವೆ ನಿಂತು ನಿವೃತ್ತನಾದವನು ನಾನು. ಹೆಂಡತಿ ಮಾರ್ಲೀನ್ ನನ್ನನ್ನು ಜಲವರ್ಣದ ತರಗತಿಗೆ ಸೇರಿಸಿದಳು, ಬಿಟ್ಟೆ. ಸೈಕಲ್ ಗುಂಪಿಗೆ ಸೇರಿಸಿದಳು, ಅವರು ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಕಡೆಗೆ, ಗಿರಣಿಯಲ್ಲಿ ನನಗೆ ಕೆಲಸ ಕಲಿಸಿದ್ದ ಒಡಿಯೆಲ್ ಒಂದು ಪಂಜರ ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟ.

“ಹಿಡ್ಕೋ, ನೋರ್ಬರ್ಟ್. ನಿನ್ ಮುಖ ನೋಡಿ ನೋಡಿ ಮಾರ್ಲೀನ್‌ಗೆ ಸಾಕಾಗಿದೆ. ಇನ್ಮೇಲೆ ಇದನ್ನ ನೋಡ್ಲಿ.”

ಎರಡು ವರ್ಷ ಚೆನ್ನಾಗಿಯೇ ಹೋಯಿತು. ಈ ವಸಂತದಲ್ಲಿ ಹಕ್ಕಿ ಮೂಕವಾಗತೊಡಗಿತು. ಕೆಲವು ದಿನ ಹಾಡುತ್ತಿತ್ತು, ಕೆಲವು ದಿನ ಪೂರ್ತಿ ಸುಮ್ಮನಿರುತ್ತಿತ್ತು.

“ಬೆಳಕು ಹರಿದಾಗಿಂದ ಅದು ಬಾಯಿ ಮುಚ್ಚಿಲ್ಲ,” ಎಂದಳು ಮಾರ್ಲೀನ್. “ನನ್ ಮಾತಿನ ಕತೆನೂ ಇದೇ. ನಿಂಗೆ ಬೇಡದ್ದು ಕೇಳ್ಸೋದೇ ಇಲ್ಲ.”

ಚುಚ್ಚಿ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಆದರೂ ಆ ಮಾತು ಒಳಗೆಲ್ಲೋ ಉಳಿದುಬಿಟ್ಟಿತು.

ಜೂನ್ ತಿಂಗಳ ಕೊನೆಯ ಭಾನುವಾರ ಈ ಸಾಲಿನ ಕಡೆಯ ಸ್ಪರ್ಧೆ. ಒಡಿಯೆಲ್ ಹನ್ನೊಂದು ವರ್ಷದಿಂದ ಎರಡನೆಯವನಾಗಿಯೇ ಉಳಿದಿದ್ದ. ಆ ದಿನ ಅವನ ಹಕ್ಕಿಗೆ ಮುನ್ನೂರೈವತ್ತು ಗೀಟು ಬಿದ್ದರೆ ಅವನೇ ವರ್ಷದ ರಾಜ. ಚೀಟಿ ಎತ್ತಿದಾಗ ಅವನಿಗೆ ಹದಿಮೂರನೇ ಜಾಗ, ನನಗೆ ಹದಿನಾಲ್ಕು. ಅವನ ಹಕ್ಕಿಗೆ ಗೀಟು ಹಾಕಬೇಕಾದವನು ನಾನು.

“ನಿದ್ದೆಗಿದ್ದೆ ಮಾಡ್ಬೇಡ ಕಣೋ,” ಎಂದ.

“ಮಾಡಿದ್ರೂ ನಿನ್ ಹಕ್ಕಿ ಬಿಡುತ್ತಾ?” ಎಂದೆ.

ಸ್ಪರ್ಧೆ ಶುರುವಾಯಿತೆಂದು ಕೆಂಪು ಬಾವುಟ ಏರಿತು. ಒಡಿಯೆಲ್‌ನ ಪೆಟ್ಟಿಗೆಯಿಂದ ಏನೂ ಬರಲಿಲ್ಲ. ಎಡಕ್ಕೆ ಒಡಿಯೆಲ್ ಹನ್ನೆರಡನೇ ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಬಲಕ್ಕೆ, ಮೊದಲು ಅಂಚೆ ಹಂಚುತ್ತಿದ್ದ ಗೋಡೆಲೀವ್ ನನ್ನ ಹಕ್ಕಿಯ ಮುಂದಿದ್ದಳು. ಅವಳ ಸೀಮೆಸುಣ್ಣ ಆಡುತ್ತಿತ್ತು. ನನ್ನ ಕೋಲು ಖಾಲಿ. ಐದು ನಿಮಿಷವಾಗಿರಬಹುದು, ಆಗ ಕೇಳಿಸಿತು. ಸಣ್ಣಗೆ, ಸ್ಪಷ್ಟವಾಗಿ. ಗೀಟು ಹಾಕಿದೆ. ಮತ್ತೆ ಕೇಳಿಸಿತು. ಆಮೇಲೆ ನಿಲ್ಲಲೇ ಇಲ್ಲ. ಇಷ್ಟು ಚೆಂದದ ಹಾಡನ್ನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

ಮುಕ್ಕಾಲು ಗಂಟೆ ಕಳೆದಿತ್ತು. ಗೋಡೆಲೀವ್‌ಳ ಸೀಮೆಸುಣ್ಣ ಮುರಿಯಿತು. ಅವಳು ಎಡಗೈಯ ಬೆರಳು ಮಡಿಸಿ ಲೆಕ್ಕ ಇಟ್ಟುಕೊಳ್ಳುತ್ತ ಬಲಗೈಯಿಂದ ಚೀಲ ತಡಕಿದಳು. ನನ್ನ ಮುಂದಿನ ಹಕ್ಕಿ ಸುಮ್ಮನಾಯಿತು. ಹೊಸ ತುಂಡು ಸಿಕ್ಕಿತು. ಅವಳು ಬೇಗ ಬೇಗ ಮೂರು ಗೀಟು ಎಳೆದಳು. ನನ್ನ ಮುಂದಿನ ಹಕ್ಕಿ ಬೇಗ ಬೇಗ ಮೂರು ಸಲ ಹಾಡಿತು.

ಯಾವ ಹಕ್ಕಿಯೂ ಹಾಗೆ ಹಾಡುವುದಿಲ್ಲ.

ಕಣ್ಣು ಮುಚ್ಚಿದೆ. ಬೀದಿಯೆಲ್ಲ ಹತ್ತಿ ತುಂಬಿದ ಹಾಗೆ ನಿಶ್ಶಬ್ದ. ಕಣ್ಣು ತೆರೆದು ಅವಳ ಕೈ ನೋಡಿದೆ. ಹಾಡು. ಮತ್ತೆ ಮುಚ್ಚಿದೆ. ಏನೂ ಇಲ್ಲ. ಅವಳು ಗೀಟು ಹಾಕುತ್ತಿದ್ದುದು ನನ್ನ ಹಕ್ಕಿಗೆ. ಹಾಗಾದರೆ ನನ್ನ ಹಕ್ಕಿಯ ಹಾಡನ್ನೇ ನಾನು ಒಡಿಯೆಲ್‌ನ ಕೋಲಿನ ಮೇಲೆ ಬರೆದಿದ್ದೆನೇ? ಮೊದಲಿಗೆ ಕೇಳಿಸಿದ್ದಾದರೂ ನಿಜವೇ? ಯಾವ ಗೀಟು ಕಿವಿಯದು, ಯಾವುದು ಕಣ್ಣಿನದು, ಹೇಗೆ ಬೇರ್ಪಡಿಸಲಿ?

ಬಾವುಟ ಇಳಿಯಿತು. ಒಡಿಯೆಲ್ ಬಂದು ನನ್ನ ಹೆಗಲ ಮೇಲಿಂದ ಎಣಿಸಿದ.

“ನಾನೂರ ಒಂಬತ್ತು,” ಎಂದ, ಮೆಲ್ಲಗೆ.

ಒಂದು ಗಂಟೆ ಅವನು ತನ್ನ ಹಕ್ಕಿಯಿಂದ ಎರಡೇ ಮೀಟರ್ ದೂರದಲ್ಲಿದ್ದ. ಅವನಿಗೆ ಗೊತ್ತಿರಲೇಬೇಕು. ಅವನ ಮುಖ ನೋಡಿದೆ. ಏನೂ ತಿಳಿಯಲಿಲ್ಲ.

“ಒಡಿಯೆಲ್, ಹಾಡಿತಾ ಅದು?”

“ಕೋಲು ಇರೋದು ನಿನ್ ಹತ್ರ. ಹಕ್ಕಿ ಯಜಮಾನ ಬಾಯಿ ಬಿಡೋ ಹಾಗಿಲ್ಲ, ಗೊತ್ತಲ್ಲ.”

ಸಂಘದ ಅಧ್ಯಕ್ಷ ಫಿರ್ಮಿನ್ ಪುಸ್ತಕ ಹಿಡಿದು ಬಂದ. “ಹದಿಮೂರು. ಎಷ್ಟು?”

ನಾನು ತೋಳಿನಿಂದ ಕೋಲನ್ನು ಉದ್ದಕ್ಕೂ ಒರೆಸಿದೆ. ಕೋಟಿನ ತೋಳು ಬೆಳ್ಳಗಾಯಿತು.

“ಗೊತ್ತಿಲ್ಲ,” ಎಂದೆ. “ನನಗೆ ಕೇಳಿಸ್ತಿಲ್ಲ, ಫಿರ್ಮಿನ್.”

ಅವನು ಪೆನ್ನು ಎತ್ತಿ ಹಿಡಿದೇ ಇದ್ದ. “ಗೊತ್ತಿಲ್ಲ ಅಂತ ಬರಿಯೋಕೆ ಇದ್ರಲ್ಲಿ ಜಾಗ ಇಲ್ವಲ್ಲಪ್ಪ.”

“ಸೊನ್ನೆ ಬರಿ,” ಎಂದ ಒಡಿಯೆಲ್. ತನ್ನ ಪೆಟ್ಟಿಗೆ ಎತ್ತಿಕೊಂಡು ಹೊರಟ.

ಆಮೇಲೆ ಮೂಲೆಯ ಕೆಫೆಯಲ್ಲಿ ಅವನೇ ನನ್ನ ಮುಂದೆ ಬಿಯರ್ ಸರಿಸಿದ.

“ಬರೋ ವರ್ಷ ಬಾವುಟ ನೀನು ಹಿಡಿ. ಅದಕ್ಕೆ ಕಿವಿ ಬೇಡ, ಗಡಿಯಾರ ಸಾಕು.”

“ಇವತ್ತು ಅದು ಹಾಡಿತಾ ಇಲ್ವಾ, ಅಷ್ಟು ಹೇಳು.”

“ಹನ್ನೊಂದು ವರ್ಷ ಕಾದಿದೀನಿ,” ಎಂದ. “ಬಿಯರ್ ಬಿಸಿಯಾಗುತ್ತೆ, ಕುಡಿ.”

ಅದು ಕ್ಷಮೆಯೋ, ಶಿಕ್ಷೆಯೋ, ಈಗಲೂ ತಿಳಿಯದು.

ಮನೆಗೆ ಬಂದು ನನ್ನ ಹಕ್ಕಿಯ ಮುಂದೆ ಕೂತೆ. ಅದರ ಕೊಕ್ಕು ತೆರೆದಿತ್ತು, ಗಂಟಲು ನಡುಗುತ್ತಿತ್ತು. ಮಾರ್ಲೀನ್‌ಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಹಿಂದೆ ಕುರ್ಚಿ ಹಾಕಿಕೊಂಡು, ಹಾಡು ಮುಗಿದಾಗಲೆಲ್ಲ ನನ್ನ ಬೆನ್ನ ಮೇಲೆ ಬೆರಳಿನಿಂದ ತಟ್ಟತೊಡಗಿದಳು. ಒಂದೊಂದು ತಟ್ಟಿಗೂ ಒಂದೊಂದು ಹಾಡು ಕೇಳಿಸಿತು.

ಒಮ್ಮೆ ತಟ್ಟಿದಾಗ ಹಕ್ಕಿ ತಟ್ಟೆಗೆ ಬಗ್ಗಿ ಕಾಳು ಒಡೆಯುತ್ತಿತ್ತು. ನನಗೆ ಹಾಡು ಕೇಳಿಸಿಯೇ ಇತ್ತು. ತಿರುಗಿ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

“ಹೊರಗಡೆ ಬೇಲೀಲಿ ಇನ್ನೊಂದು ಹಾಡ್ತಿದೆ,” ಎಂದಳು. “ಅದನ್ನೂ ಸೇರಿಸ್ಬಿಟ್ಟೆ. ಬೇಡ್ವಾ?”