ಪೂಜೆಗಿಟ್ಟ ಡಿಸ್ಕ್

ತಪ್ಪು ನನ್ನದೇ. ಹುಕ್ಕೇರಿಯ ನಮ್ಮ ಕುರಿಗಾರರ ಸಂಘಕ್ಕೆ ಕಾರ್ಯದರ್ಶಿ ಎನಿಸಿಕೊಂಡವನು ನಾನು. ಆದರೆ ಕಂಪ್ಯೂಟರ್ ನೋಡಿಕೊಳ್ಳುವ ರಾಧಿಕಾ ನನಗಿಂತ ಜಾಣೆ. ಪ್ರತಿ ಶನಿವಾರ ಎಲ್ಲ ಕಡತಗಳ ನಕಲನ್ನು ಒಂದು ಪುಟ್ಟ ಡಿಸ್ಕಿಗೆ ಇಳಿಸಿ, ವೈರು ಕಿತ್ತು, ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು.

"ಸರ, ಇದನ್ನ ಮಷಿನ್ನಿಗೆ ಹಚ್ಚಿ ಬಿಡಬ್ಯಾಡ್ರಿ. ವೈರಸ್ ಬಂದ್ರ ಎರಡೂ ಹೋಗ್ತಾವು," ಎಂದು ಹತ್ತು ಸಲ ಹೇಳಿದ್ದಳು.

ಖಂಡೆನವಮಿಯ ಆಯುಧಪೂಜೆಗೆ ಅವಳು ರಜೆಯ ಮೇಲಿದ್ದಳು. ಪೂಜೆಗೆ ದುಡಿಯುವ ಸಾಮಾನೆಲ್ಲ ಒಂದೇ ಕಡೆ ಕೂಡಿರಬೇಕೆಂಬುದು ನಮ್ಮ ರೂಢಿ. ಉಣ್ಣೆ ಕತ್ತರಿ, ತಕ್ಕಡಿ, ಕಂಪ್ಯೂಟರ್ ಸಾಲಾಗಿಟ್ಟೆ. ಡಿಸ್ಕೊಂದೇ ಯಾಕೆ ಕಪಾಟಿನಲ್ಲಿರಬೇಕು ಎಂದು ಅದನ್ನೂ ತಂದು, ಕಂಪ್ಯೂಟರಿಗೆ ಜೋಡಿಸಿ, ಎರಡಕ್ಕೂ ಸೇರಿಸಿ ದಾರ ಸುತ್ತಿ ಕುಂಕುಮ ಹಚ್ಚಿದೆ. ಬನ್ನಿ ಮುಡಿದ ಮರುದಿನವೂ ಆ ದಾರ ಹರಿಯಲು ಕೈ ಬರಲಿಲ್ಲ. ಹಾಗೆಯೇ ಮಷಿನ್ ಚಾಲೂ ಮಾಡಿದೆ. ಯಾರೋ ಕಳಿಸಿದ ದಸರಾ ಶುಭಾಶಯದ ಮೇಲ್ ಇತ್ತು. ಒತ್ತಿದೆ. ಅರ್ಧ ತಾಸಿನಲ್ಲಿ ಒಂದು ಕಡತವೂ ತೆರೆಯಲಿಲ್ಲ, ಡಿಸ್ಕಿನಲ್ಲಿದ್ದವೂ ಇಲ್ಲ. ಬೆಳಗಾವಿಯಿಂದ ಬಂದ ರಿಪೇರಿಯವನು ಕೈಚೆಲ್ಲಿದ. ರಾಧಿಕಾ ಬೈಯಲಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ಹಗುರಾಗುತ್ತಿತ್ತು.

ಮರುವಾರ ಹೊಳೆದಂಡೆಯ ದಡ್ಡಿ ಊರಿನಿಂದ ಸತ್ತೆವ್ವ ಬಂದಳು. ಅವಳ ಒಬ್ಬನೇ ಮಗ ಮಾಲಿಂಗ ನಮ್ಮ ಸದಸ್ಯನಾಗಿದ್ದ. ಹೋದ ವರ್ಷ ಕುರಿ ಮೇಯಿಸುವಾಗ ಹಾವು ಕಚ್ಚಿ ತೀರಿಹೋದ. ಅವನ ಫೋಟೋ, ಕಾರ್ಡು ಎಲ್ಲ ಈ ಮಳೆಗಾಲದಲ್ಲಿ ಪೆಟ್ಟಿಗೆ ಸಮೇತ ಹೊಳೆಯ ಪಾಲಾಗಿದ್ದವು. ಸದಸ್ಯತ್ವದ ಅರ್ಜಿಗೆಂದು ನಾನು ಸಂಘದ ಕ್ಯಾಮೆರಾದಲ್ಲಿ ತೆಗೆದು ಕಂಪ್ಯೂಟರಿಗೆ ಹಾಕಿದ್ದ ಫೋಟೋ ಒಂದೇ ಉಳಿದಿತ್ತು.

"ವರ್ಷದ ಪೂಜಿ ಬಂತ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಅವನ ಫೋಟೋ ಐತಂತಲ್ಲ, ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕಬೇಕು," ಎಂದಳು.

ವೈರಸ್ ಬಂತು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅದಕ್ಕೆ ನಾಲಿಗೆ ಏಳಲಿಲ್ಲ. ದಾರ ಸುತ್ತಿದ್ದು, ಮೇಲ್ ಒತ್ತಿದ್ದು, ಫೋಟೋ ಹೋದದ್ದು ಎಲ್ಲ ಬಿಡಿಸಿ ಹೇಳಿದೆ.

ಅವಳು ಕುಂಕುಮ ಹತ್ತಿದ ಡಿಸ್ಕನ್ನು ಎತ್ತಿ ನೋಡಿದಳು.

"ಹಿಂಡಿಗೆ ಬ್ಯಾನಿ ಬಂದ್ರ ನಾವು ಮರಿಗೋಳನ್ನ ಬ್ಯಾರೆ ಕಟ್ತೇವ್ರಿ. ನೀವು ಓದಿದವ್ರು, ಎಲ್ಲಾ ಕೂಡೇ ಕಟ್ಟಿದ್ರೇನು?"



ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ದಿನಾ ಹೋದಂಗ ಅವನ ಮಾರಿ ಕಣ್ಣಿಗೆ ಮಸಕ ಆಗಾಕತ್ತೈತ್ರಿ. ಫೋಟೋ ತಗದವ್ರು ನೀವ. ನೀವರ ಹೇಳ್ರಿ, ಅದರಾಗ ಅವ ನಗತಿದ್ನೇನು?"

ಆ ಕ್ಯಾಮೆರಾದಲ್ಲಿ ಮುನ್ನೂರು ಮಂದಿಯ ಫೋಟೋ ತೆಗೆದಿದ್ದೆ. ಅವನ ಮುಖ ನನಗೆ ನೆನಪೇ ಇರಲಿಲ್ಲ.

"ನಗತಿದ್ದ, ಯವ್ವಾ," ಎಂದೆ.